ವಿಂಡೋ ಮುಚ್ಚಿದರೂ ಮೆಮೊರಿ ವಾಪಸ್ ಬರ್ತಿಲ್ಲ (ಪೈಥಾನ್, ಟಿಕಿಂಟರ್, ಅಡಿಕೆ ಮಂಡಿ)

ಮಂಡಿ_ರೈಟರ್, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಓದಿದವನಲ್ಲ, ಬಿಕಾಂ. ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಲಾಕ್‌ಡೌನ್ ಹೊತ್ತಲ್ಲಿ ಯೂಟ್ಯೂಬ್ ನೋಡಿ ಪೈಥಾನ್ ಕಲಿತೆ. ಆಮೇಲೆ ನಮ್ಮ ಮಂಡಿಗೆ ಅಂತ ಟಿಕಿಂಟರ್‌ನಲ್ಲಿ (ಪೈಥಾನಿನಲ್ಲಿ ವಿಂಡೋ, ಬಟನ್ ಮಾಡುವ ಸಾಮಗ್ರಿ) ತೂಕದ ಪ್ರೋಗ್ರಾಂ ಬರೆದೆ. ಕೆಲಸ ಮಾಡುತ್ತೆ, ಸಾಹುಕಾರ್ರಿಗೂ ಖುಷಿ. ಆದರೆ ಮಧ್ಯಾಹ್ನದವರೆಗೆ ಮಾತ್ರ.

ಒಬ್ಬ ರೈತರ ಅಡಿಕೆ ತೂಕಕ್ಕೆ ಬಂತು ಅಂದರೆ ನಾನು ಎಫ್2 ಒತ್ತುತ್ತೇನೆ. ಒಂದು ಹೊಸ ವಿಂಡೋ ತೆರೆಯುತ್ತೆ. ಅದರ ಮೇಲ್ಗಡೆ ಎಲೆಕ್ಟ್ರಾನಿಕ್ ತಕ್ಕಡಿಯ ತೂಕ ಅರ್ಧ ಸೆಕೆಂಡಿಗೊಮ್ಮೆ ಬದಲಾಗುತ್ತಾ ಇರುತ್ತೆ. ಎಡಗಡೆ ಚೀಲಗಳ ಪಟ್ಟಿ, ಜಾಸ್ತಿ ಚೀಲ ಇದ್ದರೆ ಮೌಸ್ ಚಕ್ರ ತಿರುಗಿಸಿ ಕೆಳಗೆ ಹೋಗಬಹುದು. ಬಲಗಡೆ ಚೀಲಗಳ ಫೋಟೋ, ಮೇಲೆ ಹಾಕಿರುವ ಕ್ಯಾಮೆರಾದಿಂದ ತೆಗೆದದ್ದು. (ಹಿಂದೆ ಒಂದು ಸಲ "ಆ ಚೀಲ ನನ್ನದಲ್ಲ" ಅಂತ ದೊಡ್ಡ ಗಲಾಟೆ ಆಗಿತ್ತು. ಅವತ್ತಿಂದ ಫೋಟೋ ಕಡ್ಡಾಯ.) ಕೆಳಗೆ ಅಂದಾಜು ಮೊತ್ತ. ರಾಶಿ, ಬೆಟ್ಟೆ, ಸರಕು, ಗೊರಬಲು, ಈ ನಾಲ್ಕು ಬಗೆ ಅಡಿಕೆಯ ಅವತ್ತಿನ ರೇಟನ್ನೂ ಮುಖ್ಯ ವಿಂಡೋದಲ್ಲಿ ಹಾಕಿರುತ್ತೇನೆ. ಅಲ್ಲಿ ರೇಟು ತಿದ್ದಿದರೆ ಇಲ್ಲಿ ಮೊತ್ತ ತಾನಾಗಿ ಬದಲಾಗುತ್ತೆ. ರೈತರು ಪಕ್ಕದಲ್ಲೇ ನಿಂತು "ಎಷ್ಟಾಗಬಹುದು?" ಅಂತ ಕೇಳುತ್ತಾರಲ್ಲ, ಅದಕ್ಕೆ.

ತೂಕ ಮುಗಿದ ಮೇಲೆ ಸೇವ್, ಚೀಟಿ ಪ್ರಿಂಟ್, ವಿಂಡೋ ಮುಚ್ಚು.

ಬೆಳಿಗ್ಗೆ ಶುರು ಮಾಡಿದಾಗ ಟಾಸ್ಕ್ ಮ್ಯಾನೇಜರಿನಲ್ಲಿ 60 ಎಂಬಿ ತೋರಿಸುತ್ತೆ. ಸೀಸನ್ನಿನಲ್ಲಿ ದಿನಕ್ಕೆ 170ರಷ್ಟು ತೂಕ ಆಗುತ್ತೆ. ಮೂರೂವರೆ ಹೊತ್ತಿಗೆ 900 ಎಂಬಿ ದಾಟಿರುತ್ತೆ. ಮಂಡಿಯ ಕಂಪ್ಯೂಟರ್ ವಿಂಡೋಸ್ 7, 2 ಜಿಬಿ ರ‍್ಯಾಮ್, ಪೈಥಾನ್ 3.8. ಅಷ್ಟು ಹೊತ್ತಿಗೆ ಹಾರ್ಡ್ ಡಿಸ್ಕ್ ಗರ್ರ್ ಅನ್ನುತ್ತಾ ಇರುತ್ತೆ. ತೂಕ ತಡವಾಗಿ ಬದಲಾಗುತ್ತೆ. ಹಮಾಲರು ಚೀಲ ಇಳಿಸಿ ಆಗಿರುತ್ತೆ, ಸ್ಕ್ರೀನಿನಲ್ಲಿ ಇನ್ನೂ ಹಳೇ ಚೀಲದ ತೂಕ. ಇನ್ನೊಂದು, ಮುಖ್ಯ ವಿಂಡೋದಲ್ಲಿ ರೇಟು ತಿದ್ದಿದರೆ ಬೆಳಿಗ್ಗೆ ತಕ್ಷಣ ಆಗುತ್ತೆ, ಮಧ್ಯಾಹ್ನ ಎರಡು ಸೆಕೆಂಡು ಪ್ರೋಗ್ರಾಮೇ ನಿಂತು ಬಿಡುತ್ತೆ.

ಮುಚ್ಚುವಾಗ ಪ್ರತಿ ವಿಂಡೋವನ್ನೂ ಡೆಸ್ಟ್ರಾಯ್ (ವಿಂಡೋ ತೆಗೆದು ಹಾಕುವ ಕಮಾಂಡ್) ಮಾಡುತ್ತಿದ್ದೇನೆ. ಕಣ್ಣಿಗೆ ಕಾಣದ ಹಾಗೆ ಹೋಗುತ್ತೆ. ಮತ್ತೆ ಮೆಮೊರಿ ಯಾಕೆ ಬಿಡುತ್ತಿಲ್ಲ? ಪೈಥಾನ್‌ನಲ್ಲಿ ಮೆಮೊರಿ ತಾನಾಗೇ ಖಾಲಿ ಆಗುತ್ತೆ ಅಂದಿದ್ದರು ಯೂಟ್ಯೂಬಿನವರು.

ಕೊಪ್ಪದ_ಕಾಫಿ:

ಮಧ್ಯಾಹ್ನ ಊಟಕ್ಕೆ ಹೋಗುವಾಗ ಪ್ರೋಗ್ರಾಂ ಮುಚ್ಚಿ ತೆಗೆಯಿರಿ, ಸಮಸ್ಯೆ ಮುಗೀತು 😀 ಇಲ್ಲ ಅಂದರೆ ಪ್ರತಿ ಸೇವ್ ಆದ ಮೇಲೆ ಜಿಸಿ.ಕಲೆಕ್ಟ್ (ಬೇಡದ ಮೆಮೊರಿ ಈಗಲೇ ಗುಡಿಸು ಅನ್ನುವ ಕಮಾಂಡ್) ಹಾಕಿ ನೋಡಿ.

ಮಂಡಿ_ರೈಟರ್:

ಊಟಕ್ಕೆ ಹೋಗುವಾಗ ಮುಚ್ಚುವುದನ್ನು ಈಗಲೂ ಮಾಡುತ್ತಿದ್ದೇನೆ ಸರ್. ಸೀಸನ್ನಿನಲ್ಲಿ ಊಟವೇ ಇರಲ್ಲ, ಅದು ಕಷ್ಟ. ಜಿಸಿ.ಕಲೆಕ್ಟ್ ಹಾಕಿದೆ. ಒಂದು ಎಂಬಿ ಕೂಡ ಇಳಿಯಲಿಲ್ಲ.

ಹಳೇ_ಕೋಡು, ಹೊಸನಗರ:

ಇಳಿಯಲ್ಲ. ಯಾರೂ ಹಿಡಿದುಕೊಂಡಿಲ್ಲದ ವಸ್ತುವನ್ನು ಮಾತ್ರ ಜಿಸಿ ಎತ್ತಿ ಬಿಸಾಡುತ್ತೆ. ನಿಮ್ಮ ವಿಂಡೋವನ್ನು ಯಾರೋ ಇನ್ನೂ ಹಿಡಿದುಕೊಂಡಿದ್ದಾರೆ. ಡೆಸ್ಟ್ರಾಯ್ ಅಂದರೆ ಸ್ಕ್ರೀನಿನ ಮೇಲಿನ ಚಿತ್ರ ಅಳಿಸಿದ್ದು ಅಷ್ಟೇ. ಹಿಂದೆ ಇರುವ ಪೈಥಾನ್ ಆಬ್ಜೆಕ್ಟ್ ಬೇರೆ. ಅದನ್ನು ಒಬ್ಬರಾದರೂ ಹಿಡಿದಿದ್ದರೆ ಅದು ಸಾಯಲ್ಲ.

ನಿಮ್ಮ ಬರಹದಲ್ಲಿ ನನಗೆ ಎದ್ದು ಕಂಡದ್ದು ಮೆಮೊರಿ ಅಲ್ಲ, ರೇಟಿನ ಸಂಗತಿ. ಬೆಳಿಗ್ಗೆ ತಕ್ಷಣ, ಮಧ್ಯಾಹ್ನ ಎರಡು ಸೆಕೆಂಡು ಅಂದಿರಲ್ಲ. ಯಾಕೆ ಗೊತ್ತಾ? ಮುಚ್ಚಿದ 150 ವಿಂಡೋಗಳೂ ಒಳಗೆ ಕೂತು ಹೊಸ ರೇಟಿಗೆ ತಮ್ಮ ತಮ್ಮ ಮೊತ್ತ ಲೆಕ್ಕ ಹಾಕುತ್ತಿವೆ. ಬೆಳಿಗ್ಗೆ ಒಂಬತ್ತಕ್ಕೆ ದುಡ್ಡು ತಗೊಂಡು ಮನೆಗೆ ಹೋದ ರೈತರದ್ದೂ ಸೇರಿ. ಮುಖ್ಯ ವಿಂಡೋದ ರೇಟು ಒಂದು ಸ್ಟ್ರಿಂಗ್‌ವಾರ್, ಅಂದರೆ ಟಿಕಿಂಟರ್ ಗಮನಿಸುವ ವೇರಿಯಬಲ್. ಅದಕ್ಕೆ ಪ್ರತಿ ವಿಂಡೋದಿಂದ ಟ್ರೇಸ್_ಆಡ್ (ಬದಲಾದರೆ ನನಗೆ ಹೇಳು ಅನ್ನುವುದು) ಮಾಡಿದ್ದೀರಿ, ತೆಗೆದೇ ಇಲ್ಲ. ಸರಿ ತಾನೇ?

ಈಗ ನಾಲ್ಕು ಪ್ರಶ್ನೆ. ಫೋಟೋವನ್ನು ಎಲ್ಲಿ ಇಟ್ಟಿದ್ದೀರಿ? ತೂಕ ಓದುವ ಟೈಮರ್ ಯಾವುದರ ಆಫ್ಟರ್ (ಇಷ್ಟು ಹೊತ್ತಾದ ಮೇಲೆ ಇದನ್ನು ಓಡಿಸು ಅನ್ನುವುದು)? ವಿಂಡೋದ್ದಾ, ಮುಖ್ಯ ವಿಂಡೋದ್ದಾ? ಚಕ್ರ ತಿರುಗಿಸುವ ಕೋಡ್ ಎಲ್ಲಿಂದ ತಂದಿರಿ? ಎಲ್ಲಾದರೂ ಎಕ್ಸೆಪ್ಟ್ ಹಾಕಿ ಪಾಸ್, ಅಂದರೆ ತಪ್ಪು ಬಂದರೂ ಸುಮ್ಮನೆ ಮುಂದೆ ಹೋಗು, ಅಂತ ಬರೆದಿದ್ದೀರಾ?

ಮಂಡಿ_ರೈಟರ್:

ಅಣ್ಣಾ, ನೀವು ನಮ್ಮ ಮಂಡಿಗೆ ಬಂದು ನೋಡಿದ ಹಾಗೆ ಹೇಳಿದಿರಿ. ಟ್ರೇಸ್ ಹೌದು. ತೆಗೆಯಬೇಕು ಅಂತಲೇ ಗೊತ್ತಿರಲಿಲ್ಲ.

ಫೋಟೋ: ಮೊದಲು ಲೇಬಲ್ಲಿಗೆ ಹಾಕಿದಾಗ ಫೋಟೋ ಕಾಣಿಸುತ್ತಲೇ ಇರಲಿಲ್ಲ, ಬರೀ ಖಾಲಿ ಜಾಗ. ಹುಡುಕಿದಾಗ "ಫೋಟೋಇಮೇಜನ್ನು ಎಲ್ಲಾದರೂ ಇಟ್ಟುಕೊಳ್ಳಿ, ಇಲ್ಲ ಅಂದರೆ ಪೈಥಾನ್ ಅದನ್ನು ಅಳಿಸುತ್ತೆ" ಅಂತ ಸಿಕ್ತು. ಅದಕ್ಕೆ ಫೈಲಿನ ಮೇಲ್ಗಡೆ ಫೋಟೋಗಳು ಅಂತ ಒಂದು ಲಿಸ್ಟ್ ಮಾಡಿ ಅದಕ್ಕೆ ಅಪೆಂಡ್ ಮಾಡುತ್ತಾ ಹೋದೆ.

ಟೈಮರ್: ಮೊದಲು ಅದೇ ವಿಂಡೋದ ಆಫ್ಟರ್ ಇತ್ತು. ಮುಚ್ಚಿದಾಗಲೆಲ್ಲ ಕಪ್ಪು ಸ್ಕ್ರೀನಿನಲ್ಲಿ "ಇನ್ವ್ಯಾಲಿಡ್ ಕಮಾಂಡ್ ನೇಮ್" ಅಂತ ಬರುತ್ತಿತ್ತು. ಮುಖ್ಯ ವಿಂಡೋದ ಆಫ್ಟರ್ ಮಾಡಿದೆ. ಆಗಲೂ ಬೇರೆ ಥರ ಬಂತು. ಅದಕ್ಕೆ ಎಕ್ಸೆಪ್ಟ್ ಹಾಕಿ ಪಾಸ್ ಬರೆದೆ. ಆಮೇಲೆ ಬರಲಿಲ್ಲ. 🙈

ಚಕ್ರದ್ದು ಇಂಟರ್ನೆಟ್‌ನಿಂದ ಕಾಪಿ. ಬೈಂಡ್_ಆಲ್ ಅಂತೇನೋ ಇದೆ.

ಹಳೇ_ಕೋಡು:

ಅಕ್ಕ ಮಾರಾಯ್ರೆ, ಅಣ್ಣ ಅಲ್ಲ. ಇರಲಿ.

ನೀವು ಬರೆದದ್ದು ಎಲ್ಲರೂ ಮಾಡುವ ತಪ್ಪೇ, ನಾನೂ ಮಾಡಿದ್ದೇನೆ. ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಟಾಸ್ಕ್ ಮ್ಯಾನೇಜರ್ ನೋಡುವುದನ್ನು ಬಿಡಿ. ಅದು ಎಷ್ಟು ಉಬ್ಬಿದೆ ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಪೈಥಾನ್ ಬಿಟ್ಟ ಮೆಮೊರಿಯನ್ನೆಲ್ಲ ವಿಂಡೋಸಿಗೆ ತಕ್ಷಣ ವಾಪಸ್ ಕೊಡುವುದೂ ಇಲ್ಲ. ಅದನ್ನೇ ನೋಡುತ್ತಾ ಕೂತರೆ ಸರಿ ಮಾಡಿದ್ದೂ ತಪ್ಪಾಗಿ ಕಾಣುತ್ತೆ.

ತಲೆ ಎಣಿಸಿ. ವೀಕ್‌ರೆಫ್ ಮಾಡ್ಯೂಲಿನಲ್ಲಿ ವೀಕ್‌ಸೆಟ್ ಅಂತ ಇದೆ. ಅದರಲ್ಲಿ ಹಾಕಿದ ವಸ್ತುವನ್ನು ಅದು ಹಿಡಿದುಕೊಳ್ಳಲ್ಲ, ಸುಮ್ನೆ ಹೆಸರು ಬರೆದುಕೊಂಡಿರುತ್ತೆ. ವಸ್ತು ಸತ್ತರೆ ಹೆಸರೂ ಹೋಗುತ್ತೆ. ನಿಮ್ಮ ತೂಕದ ವಿಂಡೋದ ಇನಿಟ್‌ನಲ್ಲಿ (ವಿಂಡೋ ಹುಟ್ಟುವಾಗ ಓಡುವ ಫಂಕ್ಷನ್) ಅದಕ್ಕೆ ಸೆಲ್ಫ್, ಅಂದರೆ ಆ ವಿಂಡೋವನ್ನೇ, ಸೇರಿಸಿ. ಮುಖ್ಯ ವಿಂಡೋದಲ್ಲಿ ಕಂಟ್ರೋಲ್ ಶಿಫ್ಟ್ ಎಂ ಒತ್ತಿದರೆ ಜಿಸಿ.ಕಲೆಕ್ಟ್ ಮಾಡಿ, ಆ ಸೆಟ್ಟಿನಲ್ಲಿ ಎಷ್ಟಿವೆ ಅಂತ ಪ್ರಿಂಟ್ ಮಾಡಲಿ. ಹತ್ತು ಸಲ ತೆರೆದು ಮುಚ್ಚಿ, ಒತ್ತಿ. ಹತ್ತು ಬಂದರೆ ಒಂದೂ ಸತ್ತಿಲ್ಲ. ಅದು ಇಳಿಯುವವರೆಗೆ ಕೆಲಸ ಮುಗಿದಿಲ್ಲ.

ಫೋಟೋ: ಲಿಸ್ಟ್ ಕಿತ್ತು ಹಾಕಿ. ಸೆಲ್ಫ್.ಫೋಟೋ ಅಂತ ವಿಂಡೋದಲ್ಲೇ ಇಟ್ಟುಕೊಳ್ಳಿ. ವಿಂಡೋ ಇರುವಷ್ಟು ಹೊತ್ತು ಫೋಟೋ ಇದ್ದರೆ ಸಾಕಲ್ವಾ? ಫೋಟೋ ಸೈಜ್ ಎಷ್ಟು?

ಟೈಮರ್: ಆಫ್ಟರ್ ಕರೆದಾಗ ಒಂದು ಐಡಿ ವಾಪಸ್ ಕೊಡುತ್ತೆ. ಅದನ್ನು ಇಟ್ಟುಕೊಂಡು ಮುಚ್ಚುವಾಗ ಆಫ್ಟರ್_ಕ್ಯಾನ್ಸಲ್ ಮಾಡಿ. ವಿಂಡೋದ ಆಫ್ಟರನ್ನೇ ಬಳಸಿ, ಮುಖ್ಯ ವಿಂಡೋದ್ದು ಬೇಡ. "ಇನ್ವ್ಯಾಲಿಡ್ ಕಮಾಂಡ್" ಅನ್ನುವುದು ಬೈಗುಳ ಅಲ್ಲ, ಸತ್ತವರ ಮನೆ ಬಾಗಿಲು ಬಡಿಯುತ್ತಿದ್ದೀಯ ಅಂತ ಹೇಳಿದ್ದು. ನೀವು ಅದರ ಬಾಯಿಗೆ ಬಟ್ಟೆ ತುರುಕಿದಿರಿ. ಈಗ ಮಧ್ಯಾಹ್ನದ ಹೊತ್ತಿಗೆ 150 ಟೈಮರು, ಅರ್ಧ ಸೆಕೆಂಡಿಗೊಮ್ಮೆ ಒಂದೊಂದೂ ಎದ್ದು, ಇಲ್ಲದ ಲೇಬಲ್ಲಿಗೆ ತೂಕ ಬರೆಯಲು ಹೋಗಿ, ಎಡವಿ ಬಿದ್ದು, ಮತ್ತೆ ಅರ್ಧ ಸೆಕೆಂಡಿಗೆ ಅಲಾರಂ ಇಟ್ಟು ಮಲಗುತ್ತಿವೆ. ತೂಕ ತಡವಾಗಿ ಬರುವುದಕ್ಕೆ ಅದೂ ಕಾರಣ. ಪಾಸ್ ತೆಗೆಯಿರಿ.

ಟ್ರೇಸ್: ಟ್ರೇಸ್_ಆಡ್ ಕೊಡುವ ಹೆಸರನ್ನು ಇಟ್ಟುಕೊಂಡು ಟ್ರೇಸ್_ರಿಮೂವ್ ಮಾಡಿ. ನಾಲ್ಕು ರೇಟಿಗೆ ನಾಲ್ಕು ಸಲ, ಮರೆಯಬೇಡಿ.

ಬೈಂಡ್ ಅಂದರೆ ಚಕ್ರ ತಿರುಗಿಸುವುದು, ಕೀ ಒತ್ತುವುದು ಥರದ ಘಟನೆಗೆ ಒಂದು ಫಂಕ್ಷನ್ ಕಟ್ಟುವುದು. ನಿಮ್ಮ ಬೈಂಡ್_ಆಲ್ ಸದ್ಯಕ್ಕೆ ಹಾಗೇ ಬಿಡಿ. ಅದನ್ನು ನೀವೇ ಹಿಡಿಯಬೇಕು ಅಂತ ನನ್ನ ಆಸೆ.

ಮಂಡಿ_ರೈಟರ್:

ಕ್ಷಮಿಸಿ ಅಕ್ಕ. ಫೋಟೋ 1280 × 960.

ನಿನ್ನೆ ರಾತ್ರಿ ಮನೆಯಲ್ಲಿ ಕೂತು ಮಾಡಿದೆ. ಮಧ್ಯೆ ಕರೆಂಟ್ ಹೋಗಿ ಒಂದು ಗಂಟೆ ಹಾಳು. ವೀಕ್‌ಸೆಟ್ ಹಾಕಿದೆ, ಹತ್ತು ಸಲ ತೆರೆದು ಮುಚ್ಚಿದೆ, ಹತ್ತು ಬಂತು. ಫೋಟೋ ಲಿಸ್ಟ್ ತೆಗೆದೆ. ಹತ್ತು. ಟೈಮರ್ ಕ್ಯಾನ್ಸಲ್ ಮಾಡಿದೆ. ಹತ್ತು. ಟ್ರೇಸ್ ತೆಗೆದೆ. ಹತ್ತೇ! ಮೆಮೊರಿಯೂ ಮೊದಲಿನಷ್ಟೇ. ಇಷ್ಟೆಲ್ಲ ಮಾಡಿ ಒಂದು ನಯಾ ಪೈಸೆ ಲಾಭ ಇಲ್ಲ. ರೇಟು ತಿದ್ದುವುದು ಮಾತ್ರ ಜೋರಾಗಿದೆ.

ಹಳೇ_ಕೋಡು:

1280ನ್ನು 960ರಿಂದ ಗುಣಿಸಿ, ಒಂದೊಂದು ಚುಕ್ಕೆಗೆ 4 ಬೈಟ್. 49 ಲಕ್ಷದ ಚಿಲ್ಲರೆ ಬೈಟ್, ಅಂದರೆ ಸುಮಾರು 5 ಎಂಬಿ. 170 ತೂಕಕ್ಕೆ 830 ಎಂಬಿ. ನಿಮ್ಮ 900ರ ಲೆಕ್ಕ ಅಲ್ಲಿಗೆ ಸರಿಹೋಯಿತು. ಜೆಪೆಗ್ ಫೈಲು ಡಿಸ್ಕಿನಲ್ಲಿ ಚಿಕ್ಕದಿರುತ್ತೆ ಅಂತ ಮೋಸ ಹೋಗಬೇಡಿ, ತೋರಿಸಬೇಕು ಅಂದರೆ ಪೂರ್ತಿ ಬಿಚ್ಚಲೇಬೇಕು. ಆ ವಿಂಡೋದಲ್ಲಿ ಅಂಗೈಯಷ್ಟು ತೋರಿಸುತ್ತೀರಾದರೆ ಮೊದಲೇ 480 × 360ಕ್ಕೆ ಇಳಿಸಿ. ಏಳನೇ ಒಂದು ಭಾಗ ಆಗುತ್ತೆ. ಆದರೆ ಅದು ಲೀಕ್ ಸರಿ ಮಾಡಿದ ಹಾಗಲ್ಲ, ಸೋರುವ ಮಾಡಿನ ಕೆಳಗೆ ದೊಡ್ಡ ಬಕೆಟ್ ಇಟ್ಟ ಹಾಗೆ.

ಹತ್ತು ಹತ್ತಾಗೇ ಇರುವುದಕ್ಕೆ ಬೇಜಾರಾಗಬೇಡಿ. ಒಂದು ದನವನ್ನು ಮೂರು ಕಂಬಕ್ಕೆ ಕಟ್ಟಿದ್ದೀರಿ. ಎರಡು ಹಗ್ಗ ಬಿಚ್ಚಿದಿರಿ, ದನ ಅಲ್ಲೇ ನಿಂತಿದೆ. ಬಿಚ್ಚಿದ್ದು ಸುಳ್ಳಲ್ಲ. ಫೋಟೋ ಕೂಡ ಈಗ ಅದರ ಕೊರಳಲ್ಲೇ ಇದೆ, ಅದಕ್ಕೇ ಮೆಮೊರಿ ಇಳಿದಿಲ್ಲ. ಬಹಳ ಜನ ಇಲ್ಲೇ ಕೈ ಬಿಡುತ್ತಾರೆ. "ಟ್ರೇಸ್ ತೆಗೆದೆ, ಏನೂ ಆಗಲಿಲ್ಲ" ಅಂತ ಟ್ರೇಸ್ ವಾಪಸ್ ಹಾಕಿದವರನ್ನೂ ನೋಡಿದ್ದೇನೆ.

ಈಗ ಮೂರನೇ ಹಗ್ಗ. ಆ ಸೆಟ್ಟಿನಿಂದ ಒಂದು ವಿಂಡೋ ಎತ್ತಿಕೊಳ್ಳಿ. ಜಿಸಿ.ಗೆಟ್_ರೆಫರರ್ಸ್ ಕೊಟ್ಟರೆ ಅದನ್ನು ಹಿಡಿದಿರುವವರ ಪಟ್ಟಿ ಬರುತ್ತೆ. ಪಟ್ಟಿಯಲ್ಲಿ ಗಲೀಜು ಜಾಸ್ತಿ. ಹುಡುಕಲು ನೀವು ಬಳಸಿದ ವೇರಿಯಬಲ್ಲೂ ಅಲ್ಲೇ ಕಾಣುತ್ತೆ, ವಿಂಡೋದ ಸ್ವಂತ ಮಕ್ಕಳಾದ ಲೇಬಲ್, ಬಟನ್ನುಗಳೂ ಕಾಣುತ್ತವೆ. ಅವನ್ನೆಲ್ಲ ಬಿಡಿ. ಬೌಂಡ್ ಮೆಥಡ್ (ಒಂದು ವಸ್ತುವಿಗೆ ಅಂಟಿದ ಫಂಕ್ಷನ್) ಅಂತ ಇರುವುದನ್ನು ಹಿಡಿದು, ಅದನ್ನು ಯಾರು ಹಿಡಿದಿದ್ದಾರೆ ಅಂತ ಮತ್ತೆ ಕೇಳಿ. ಹಾಗೇ ಒಂದೊಂದೇ ಮೆಟ್ಟಿಲು ಹಿಂದೆ ಹೋಗಿ. ಏನು ಸಿಕ್ತು ಬರೆಯಿರಿ.

ಮಂಡಿ_ರೈಟರ್:

ಮೆಥಡ್ ಸಿಕ್ತು. ಅದನ್ನು ಹಿಡಿದಿರುವುದು ಒಂದು ಡಿಕ್ಷನರಿ, ಅದು ಕಾಲ್‌ರ‍್ಯಾಪರ್ ಅನ್ನುವುದಕ್ಕೆ ಸೇರಿದ್ದು. ಕಾಲ್‌ರ‍್ಯಾಪರನ್ನು ಹಿಡಿದಿರುವುದು ಅದರದ್ದೇ ಕಾಲ್ ಮೆಥಡ್. ಆ ಮೆಥಡನ್ನು ಹಿಡಿದಿರುವುದು... ಯಾರೂ ಇಲ್ಲ! ಖಾಲಿ ಲಿಸ್ಟ್. ಯಾರೂ ಹಿಡಿದಿಲ್ಲ ಅಂದರೆ ಬೀಳಬೇಕಲ್ಲ ಅಕ್ಕ? ಗಾಳಿಯಲ್ಲಿ ನೇತಾಡುತ್ತಿದೆಯಾ?

ಹಳೇ_ಕೋಡು:

ಭಲೇ. ಅದೇ ಜಾಗಕ್ಕೆ ಬರಲಿ ಅಂತ ಕಾಯುತ್ತಿದ್ದೆ.

ಟಿಕಿಂಟರ್ ಹಿಂದೆ ಟಿಸಿಎಲ್ ಅಂತ ಇನ್ನೊಂದು ಭಾಷೆ ಓಡುತ್ತಿರುತ್ತೆ, ಅದು ಸಿಯಲ್ಲಿ ಬರೆದದ್ದು. ನೀವು ಯಾವ ಫಂಕ್ಷನನ್ನು ಬೈಂಡ್, ಆಫ್ಟರ್, ಟ್ರೇಸಿಗೆ ಕೊಟ್ಟರೂ ಟಿಕಿಂಟರ್ ಅದನ್ನು ಒಂದು ಕಾಲ್‌ರ‍್ಯಾಪರಿನಲ್ಲಿ ಸುತ್ತಿ ಟಿಸಿಎಲ್ ಕೈಗೆ ಕೊಡುತ್ತೆ. ಟಿಸಿಎಲ್ ಹಿಡಿದಿರುವುದು ಪೈಥಾನಿನ ಜಿಸಿಗೆ ಕಾಣಲ್ಲ. ಹಾಗಾಗಿ ಜಾಡು ಕಾಲ್‌ರ‍್ಯಾಪರ್ ಹತ್ತಿರ ನಿಂತರೆ ಹಿಡಿದಿರುವುದು ಟಿಸಿಎಲ್ ಅಂತ ಅರ್ಥ.

ಆ ಕಾಲ್‌ರ‍್ಯಾಪರಿನ ಫಂಕ್ ಅನ್ನುವುದನ್ನು ಪ್ರಿಂಟ್ ಮಾಡಿ. ಫಂಕ್ಷನ್ನಿನ ಹೆಸರೇ ಬರುತ್ತೆ.

ಮಂಡಿ_ರೈಟರ್:

ಚಕ್ರ_ತಿರುಗಿತು.

ನಾನೇ ಇಟ್ಟ ಹೆಸರು 😀 ಮೌಸ್ ಚಕ್ರದ ಫಂಕ್ಷನ್.

ಹಳೇ_ಕೋಡು:

ಅದೇ ಬೈಂಡ್_ಆಲ್. ಮಾಮೂಲಿ ಬೈಂಡ್ ಮಾಡಿದ್ದರೆ ಆ ವಿಜೆಟ್ (ಬಟನ್, ಲೇಬಲ್, ವಿಂಡೋ ಥರದ್ದು) ಡೆಸ್ಟ್ರಾಯ್ ಆದಾಗ ಟಿಕಿಂಟರ್ ತಾನೇ ಟಿಸಿಎಲ್ ಕೈಯಿಂದ ಕಿತ್ತುಕೊಳ್ಳುತ್ತೆ. ಬೈಂಡ್_ಆಲ್ ಇಡೀ ಪ್ರೋಗ್ರಾಮಿಗೆ ಕಟ್ಟಿದ್ದು, ನಿಮ್ಮ ವಿಂಡೋ ಸತ್ತರೆ ಅದಕ್ಕೇನು? ಮುಂದಿನ ವಿಂಡೋ ಮತ್ತೆ ಬೈಂಡ್_ಆಲ್ ಮಾಡಿದಾಗ ಚಕ್ರ ಹೊಸದಕ್ಕೆ ಹೋಗುತ್ತೆ, ಹಾಗಾಗಿ ನಿಮಗೆ ಎಲ್ಲಾ ಸರಿ ಇದೆ ಅನ್ನಿಸುತ್ತೆ. ಆದರೆ ಹಳೇ ಕಮಾಂಡ್ ಟಿಸಿಎಲ್‌ನಲ್ಲಿ ಹಾಗೇ ಬಿದ್ದಿರುತ್ತೆ, ವಿಂಡೋ ಸಮೇತ.

ಇದಕ್ಕೆ ಇಂಟರ್ನೆಟ್‌ನಲ್ಲಿ ಇನ್ನೊಂದು ಮದ್ದು ಸಿಗುತ್ತೆ: ಮೌಸ್ ಒಳಗೆ ಬಂದಾಗ ಬೈಂಡ್_ಆಲ್, ಹೊರಗೆ ಹೋದಾಗ ಅನ್‌ಬೈಂಡ್_ಆಲ್. ಅದನ್ನು ಮಾಡಬೇಡಿ. ಅನ್‌ಬೈಂಡ್_ಆಲ್ ಚಕ್ರದ ಗಂಟು ಬಿಚ್ಚುತ್ತೆ, ಕಮಾಂಡ್ ಅಳಿಸಲ್ಲ. ಆಗ ವಿಂಡೋಗೆ ಒಂದಲ್ಲ, ಮೌಸ್ ಒಳಗೆ ಹೋದಾಗಲೆಲ್ಲ ಒಂದೊಂದು ಬೀಳುತ್ತೆ.

ನಿಮ್ಮದು ಟಾಪ್‌ಲೆವೆಲ್, ಅಂದರೆ ಬೇರೆಯೇ ವಿಂಡೋ ತಾನೇ? ಸುಮ್ನೆ ಪಟ್ಟಿ ಕೂತಿರುವ ಕ್ಯಾನ್ವಾಸಿನ ಬೈಂಡ್_ಆಲ್ ತೆಗೆದು ಸೆಲ್ಫ್.ಬೈಂಡ್ ಅಂತ ಆ ಟಾಪ್‌ಲೆವೆಲ್ಲಿಗೇ ಕಟ್ಟಿ. ಅದರೊಳಗಿನ ಯಾವ ವಿಜೆಟ್ ಮೇಲೆ ಚಕ್ರ ತಿರುಗಿದರೂ ಟಾಪ್‌ಲೆವೆಲ್ಲಿಗೆ ಗೊತ್ತಾಗುತ್ತೆ. ವಿಂಡೋ ಹೋದಾಗ ಅದೂ ಹೋಗುತ್ತೆ.

ಸಾಗರ_ಕ್ಯೂಟಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಟಿಕಿಂಟರ್ ಬದಲು ಪೈಕ್ಯೂಟಿ ಬಳಸುವವನು. ನಮ್ಮಲ್ಲೂ ಇದೇ ಕಥೆ, ಕಂಬ ಮಾತ್ರ ಬೇರೆ. ಡೈಲಾಗಿಗೆ ಪೇರೆಂಟ್ ಅಂತ ಮುಖ್ಯ ವಿಂಡೋ ಕೊಟ್ಟು ಎಕ್ಸೆಕ್ ಮಾಡಿ ತೆರೆಯುತ್ತಿದ್ದೆ. ಮುಚ್ಚಿದರೆ ಅದು ಬರೀ ಅಡಗಿ ಕೂರುತ್ತೆ, ಮುಖ್ಯ ವಿಂಡೋ ಸಾಯುವವರೆಗೂ ಅದರ ಮಗುವಾಗಿ ಇರುತ್ತೆ. ಮುಗಿದ ಮೇಲೆ ಡಿಲೀಟ್‌ಲೇಟರ್ ಕರೆದರೆ ಸರಿ. ಸಿಗ್ನಲ್ಲಿಗೆ (ಇಂಥದ್ದು ಆಯಿತು ಅಂತ ಕೊಡುವ ಸುದ್ದಿ) ಲ್ಯಾಂಬ್ಡಾ (ಹೆಸರಿಲ್ಲದ ಚಿಕ್ಕ ಫಂಕ್ಷನ್) ಕಟ್ಟಿ ಅದರೊಳಗೆ ಸೆಲ್ಫ್ ಬಳಸಿದರೂ ಹಾಗೇ, ಸಿಗ್ನಲ್ ಕೊಡುವವರು ಬದುಕಿರುವವರೆಗೂ ಸೆಲ್ಫ್ ಬದುಕಿರುತ್ತೆ. ಚಾಲಿ, ಸಿಪ್ಪೆಗೋಟು ಅಡಿಕೆ ಲೆಕ್ಕದ ಪ್ರೋಗ್ರಾಮಿನಲ್ಲಿ ಇದನ್ನು ಹಿಡಿಯಲು ನನಗೆ ಮೂರು ವಾರ ಬೇಕಾಯಿತು. ಈ ತಲೆ ಎಣಿಸುವ ಉಪಾಯ ಆಗ ಗೊತ್ತಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು.

ಮಂಡಿ_ರೈಟರ್:

ಅಕ್ಕ, ನಿನ್ನೆ ರಾತ್ರಿ ಹತ್ತು ಸಲ ತೆರೆದು ಮುಚ್ಚಿದೆ. ಒಂದು ಬಂತು! ಹತ್ತಕ್ಕೆ ಒಂದು. ಇನ್ನೊಂದು ಹತ್ತು ಸಲ ಮಾಡಿದೆ, ಆಗಲೂ ಒಂದೇ. ಹುಡುಕಿದರೆ ಮುಖ್ಯ ವಿಂಡೋದಲ್ಲಿ ಈಗಿನ_ವಿಂಡೋ ಅಂತ ನಾನೇ ಇಟ್ಟುಕೊಂಡಿದ್ದೇನೆ, ಕೊನೆಯದು ಅದರಲ್ಲಿ ಉಳಿಯುತ್ತೆ.

ಖುಷಿಯಲ್ಲಿ ಇವತ್ತು ಮಂಡಿಗೆ ಹಾಕಿದೆ. ಮಧ್ಯಾಹ್ನ ಕಂಟ್ರೋಲ್ ಶಿಫ್ಟ್ ಎಂ ಒತ್ತಿದರೆ 83. ತಲೆ ಕೆಟ್ಟು ಹೋಯಿತು. ಮನೆಯಲ್ಲಿ ಒಂದು, ಮಂಡಿಯಲ್ಲಿ 83. ಅದೇ ಫೈಲು!

ಹಳೇ_ಕೋಡು:

ಆ ಒಂದು ಲೀಕ್ ಅಲ್ಲ, ಬಿಡಿ. ಬೆಳೆಯುತ್ತಾ ಹೋದರೆ ಮಾತ್ರ ಲೀಕ್.

ಮನೆಯಲ್ಲಿ ವಿಂಡೋ ಹೇಗೆ ಮುಚ್ಚಿದಿರಿ? ಮಂಡಿಯಲ್ಲಿ ಹೇಗೆ ಮುಚ್ಚುತ್ತೀರಿ?

ಮಂಡಿ_ರೈಟರ್:

ಮನೆಯಲ್ಲಿ ಮೂಲೆಯ ಕೆಂಪು ಗುಣಾಕಾರ ಚಿಹ್ನೆ ಒತ್ತಿ. ಮಂಡಿಯಲ್ಲಿ ಯಾರು ಅದನ್ನು ಒತ್ತುತ್ತಾರೆ, ಎಫ್10 ಒತ್ತಿದರೆ ಸೇವ್ ಆಗಿ ಚೀಟಿ ಬಂದು ತಾನೇ ಮುಚ್ಚುತ್ತೆ.

ಅಯ್ಯೋ. ಟೈಮರ್, ಟ್ರೇಸ್ ತೆಗೆಯುವುದನ್ನೆಲ್ಲ ಡಬ್ಲ್ಯುಎಂ ಡಿಲೀಟ್ ವಿಂಡೋ ಪ್ರೋಟೋಕಾಲಿನಲ್ಲಿ ಬರೆದಿದ್ದೇನೆ. ಸೇವ್ ಆದ ಮೇಲೆ ನೇರವಾಗಿ ಡೆಸ್ಟ್ರಾಯ್ ಕರೆದಿದ್ದೇನೆ. ಅದು ಆ ದಾರಿಯಲ್ಲಿ ಹೋಗುವುದೇ ಇಲ್ಲ ಅಲ್ವಾ?

ಹಳೇ_ಕೋಡು:

ಹೋಗಲ್ಲ. ಆ ಪ್ರೋಟೋಕಾಲ್ ಓಡುವುದು ವಿಂಡೋವನ್ನು ನೀವು ಕೈಯಾರೆ ಮುಚ್ಚಿದಾಗ ಮಾತ್ರ, ಕೋಡಿನಿಂದ ಮುಚ್ಚಿದಾಗ ಅಲ್ಲ. ನಿಮ್ಮ ಕ್ಲಾಸಿನಲ್ಲೇ ಡೆಸ್ಟ್ರಾಯ್ ಅನ್ನುವ ಮೆಥಡ್ ಬರೆಯಿರಿ. ಅದರಲ್ಲಿ ಟೈಮರ್, ಟ್ರೇಸ್ ಬಿಚ್ಚಿ, ಕೊನೆಗೆ ಸೂಪರ್‌ನ (ಟಿಕಿಂಟರಿನ ಮೂಲ ಕ್ಲಾಸಿನ) ಡೆಸ್ಟ್ರಾಯ್ ಕರೆಯಿರಿ. ಯಾವ ಬಾಗಿಲಿಂದ ಹೋದರೂ ಅಲ್ಲಿಂದಲೇ ಹೋಗಬೇಕು. ಡೆಸ್ಟ್ರಾಯ್ ಈವೆಂಟಿಗೆ ಬೈಂಡ್ ಮಾಡುವ ದಾರಿಯೂ ಇದೆ, ಆದರೆ ಟಾಪ್‌ಲೆವೆಲ್ಲಿಗೆ ಕಟ್ಟಿದರೆ ಒಳಗಿನ ಒಂದೊಂದು ಬಟನ್ ಸತ್ತಾಗಲೂ ಅದು ಕೂಗುತ್ತೆ. ತಲೆನೋವು.

ಇನ್ನು ಮೇಲೆ ಪರೀಕ್ಷೆ ಮಾಡುವಾಗ ಹಮಾಲರು ಪಕ್ಕದಲ್ಲಿ ನಿಂತು ಬೈಯುತ್ತಿದ್ದಾರೆ ಅಂದುಕೊಂಡು ಮಾಡಿ.

ಮಂಡಿ_ರೈಟರ್:

ಇವತ್ತು 164 ತೂಕ ಆಯಿತು. ಸಂಜೆ ಆರಕ್ಕೆ ಕಂಟ್ರೋಲ್ ಶಿಫ್ಟ್ ಎಂ ಒತ್ತಿದೆ: 1. ಟಾಸ್ಕ್ ಮ್ಯಾನೇಜರ್ ನೋಡಬೇಡಿ ಅಂದಿದ್ದಿರಿ, ಆದರೂ ನೋಡಿದೆ: 74 ಎಂಬಿ. ಫೋಟೋ ಇನ್ನೂ ಚಿಕ್ಕದು ಮಾಡಿಲ್ಲ, ಬೇಕಂತಲೇ.

ಸಾಹುಕಾರ್ರು ಮೂರು ಗಂಟೆಗೆ ಬಂದು ನನ್ನ ಹಿಂದೆ ನಿಂತುಕೊಂಡರು. "ಏನಯ್ಯಾ, ಇವತ್ತು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಲಿಲ್ಲ, ಹಾಳಾಗಿದೆಯಾ?" ಅಂದರು. ಅವರಿಗೆ ಅದೂ ಪ್ರೋಗ್ರಾಮಿನ ಒಂದು ಭಾಗ ಅಂತಲೇ ಅಭ್ಯಾಸ ಆಗಿಬಿಟ್ಟಿತ್ತು.

ಅಕ್ಕ, ಹೊಸನಗರದ ಕಡೆಯಿಂದ ನಮ್ಮ ಮಂಡಿಗೆ ಬಹಳ ಅಡಿಕೆ ಬರುತ್ತೆ. ನಿಮ್ಮದೂ ತೋಟ ಇದ್ದರೆ ತಂದಾಗ ಹೇಳಿ, ಚೀಟಿ ನಾನೇ ಬರೆಯುತ್ತೇನೆ.

ಹಳೇ_ಕೋಡು:

ತೋಟ ಇದೆ. ಹೋದ ಮಳೆಗಾಲದಲ್ಲಿ ಕೊಳೆ ರೋಗ ಬಂದು ಅರ್ಧ ಉದುರಿತು. ಉಳಿದದ್ದನ್ನು ತರುತ್ತೇನೆ. ಗೋಣಿ ತೂಕ ಸರಿಯಾಗಿ ಕಳೆಯಿರಿ, ಜಾಸ್ತಿ ಬೇಡ.